ಕೆಂಪು ಬೆಟ್ಟಗಳು ನೀಲಿಯಾದ ಕಥೆ

ಸ್ಕಾಟ್ಲೆಂಡಿನ ಈಶಾನ್ಯಕ್ಕೆ, ಸ್ಪೇ ಮತ್ತು ಡೀ ನದಿಗಳ ನಡುವೆ, ಗ್ರಾನೈಟ್ ಕಲ್ಲಿನ ಎತ್ತರದ ಬೆಟ್ಟಸೀಮೆಯೊಂದಿದೆ. ಇಂದಿನ ನಕ್ಷೆಗಳಲ್ಲಿ ಅದರ ಹೆಸರು ಕೇರ್ನ್‌ಗಾರ್ಮ್ಸ್. ಅಲ್ಲಿನ ಹಳೆಯ ಭಾಷೆಯಾದ ಗೇಲಿಕ್‌ನಲ್ಲಿ ‘ಕಾರ್ನ್’ ಎಂದರೆ ಕಲ್ಲುಗುಡ್ಡೆ, ‘ಗೊರೊಮ್’ ಎಂದರೆ ನೀಲಿ. ಆದರೆ ಆ ಬೆಟ್ಟಗಳ ಬುಡದಲ್ಲಿ ತಲೆತಲಾಂತರದಿಂದ ಬದುಕಿದ ಗೇಲಿಕ್ ಜನ ಇಡೀ ಸಾಲನ್ನು ಹಾಗೆ ಕರೆದವರಲ್ಲ. ಅವರ ಬಾಯಲ್ಲಿ ಅದು ‘ಅಮ್ ಮೊನಾ ರುವಾ’, ಕೆಂಬೆಟ್ಟಗಳು. ಸ್ಪೇ ಕಣಿವೆಯಲ್ಲಿ ನಿಂತವರಿಗೆ ಸಂಜೆಯ ಬಿಸಿಲಿನಲ್ಲಿ ಒಂದು ಬದಿಯ ಗ್ರಾನೈಟ್ ಇಳಿಜಾರುಗಳು ಕೆಂಪಗೆ ಕಾಣುತ್ತವೆ. ಎದುರು ಬದಿಯಲ್ಲಿರುವುದು ‘ಮೊನಾ ಲಿಯಾ’, ಬೂದುಬೆಟ್ಟಗಳು. ಕಣಿವೆಯ ನಡುವೆ ನಿಂತು, ಎಡಕ್ಕೂ ಬಲಕ್ಕೂ ನೋಡಿ ಇಟ್ಟ ಜೋಡಿ ಹೆಸರುಗಳಿವು.

ಹೊರಗಿನಿಂದ ಬಂದವರು ಕೇರ್ನ್‌ಗಾರ್ಮ್ ಎಂಬ ಒಂದೇ ಒಂದು ಶಿಖರದ ಹೆಸರನ್ನು ಇಡೀ ಸಾಲಿಗೆ ಹೊದಿಸಿದರು. ಕೆಂಪು ಬೆಟ್ಟಗಳು ನೀಲಿಯಾದವು, ಜೋಡಿಯಲ್ಲಿ ಒಂದು ಹೆಸರು ನಕ್ಷೆಯಿಂದ ಹೊರಗೆ ಉಳಿಯಿತು. ಹೀಗೇಕಾಯಿತು ಎಂದು ಕೇಳುತ್ತ ಹೋದರೆ ಮೂರು ಶತಮಾನಗಳ ಕಥೆಯೇ ಬಿಚ್ಚಿಕೊಳ್ಳುತ್ತದೆ. ಹೆಸರು ಬಲ್ಲವರೇ ಬೇರೆ, ನಕ್ಷೆ ಬರೆದವರೇ ಬೇರೆ ಆಗುತ್ತ ಹೋದ ಕಥೆ ಅದು.

ನದಿಯ ಹೆಸರಲ್ಲಿ ದೇವಿ

ಈ ಸೀಮೆಯ ಹೆಸರುಗಳಲ್ಲಿ ಗೇಲಿಕ್‌ಗಿಂತ ಹಳೆಯ ಪದರವೂ ಇದೆ. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿ ಡೀ ನದಿಯನ್ನು ‘ದೇವಾ’ ಎಂದು ಗುರುತಿಸಿದ್ದ. ಹಳೆಯ ಕೆಲ್ಟಿಕ್ ಭಾಷೆಯಲ್ಲಿ ಅದರ ಅರ್ಥ ದೇವತೆ. ಸಂಸ್ಕೃತದ ‘ದೇವ’, ‘ದೇವೀ’ ಶಬ್ದಗಳಿಗೂ ಅದಕ್ಕೂ ಮೂಲ ಒಂದೇ. ಗೇಲಿಕ್ ಬರುವ ಮೊದಲು ಇಲ್ಲಿದ್ದವರು ಪಿಕ್ಟ್ ಜನ. ನದಿ ಬಂದು ಸೇರುವ ಜಾಗಕ್ಕೆ ಅವರು ‘ಅಬರ್’ ಎನ್ನುತ್ತಿದ್ದರು. ಅಬರ್‌ಡೀನ್, ಅಬರ್‌ಗೆಲ್ಡಿ ಎಂಬ ಹೆಸರುಗಳಲ್ಲಿ ಆ ಶಬ್ದ ಇನ್ನೂ ಇದೆ. ಅದೇ ಡೀ ನದಿಯ ಮೇಲ್ಭಾಗಕ್ಕೆ ಹೋದರೆ ಸಿಗುವ ಊರು ಇನ್ವರೇ. ‘ಇನ್ವರ್’ ಎಂಬುದು ಗೇಲಿಕ್, ಅರ್ಥ ಅದೇ. ಒಂದೇ ನದಿಯ ದಂಡೆಯಲ್ಲಿ ಎರಡು ಭಾಷೆಗಳ ವಸಾಹತು ಹೀಗೆ ಉಳಿದುಕೊಂಡಿದೆ.

ಕ್ರಿ.ಶ. 500ರ ಹೊತ್ತಿಗೆ ಪಶ್ಚಿಮ ಕರಾವಳಿಯಲ್ಲಿ ಗೇಲಿಕ್ ಮಾತಾಡುವ ದಾಲ್ ರಿಯಾಟ ರಾಜ್ಯ ನೆಲೆಯೂರಿತ್ತು. ಒಂಬತ್ತು, ಹತ್ತನೆಯ ಶತಮಾನಗಳಲ್ಲಿ ಗೇಲಿಕ್ ಪೂರ್ವಕ್ಕೂ ಹಬ್ಬಿತು, ಪಿಕ್ಟ್ ಭಾಷೆ ಮರೆಯಾಯಿತು. ಆದರೆ ಹೊಸಬರು ಹಳೆಯ ಹೆಸರುಗಳನ್ನು ಅಳಿಸಿಹಾಕಲಿಲ್ಲ. ಪಿಕ್ಟರಲ್ಲಿ ‘ಪಿಟ್’ ಎಂದರೆ ಜಮೀನಿನ ಒಂದು ಪಾಲು. ಗೇಲಿಕ್ ಜನ ಆ ಶಬ್ದವನ್ನು ಹಾಗೇ ಉಳಿಸಿಕೊಂಡು ಅದಕ್ಕೆ ತಮ್ಮ ಮಾತು ಜೋಡಿಸಿದರು. ಪಿಟ್‌ಲಾಕ್ರಿಯಂಥ ಊರುಗಳು ಹುಟ್ಟಿದ್ದು ಹಾಗೆ.

ಈ ಭಾಗದ ಗೇಲಿಕ್‌ಗೆ ಬರಹದ ಸಾಕ್ಷಿಯೂ ಇದೆ. ಅಬರ್‌ಡೀನ್‌ಷೈರಿನ ಡಿಯರ್ ಮಠದ ಸುವಾರ್ತೆ ಗ್ರಂಥದ ಖಾಲಿ ಜಾಗಗಳಲ್ಲಿ ಹನ್ನೆರಡನೆಯ ಶತಮಾನದವರು ಮಠಕ್ಕೆ ಬಂದ ಭೂದಾನಗಳನ್ನು ಗೇಲಿಕ್‌ನಲ್ಲಿ ಬರೆದಿಟ್ಟಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಗೇಲಿಕ್ ಬರಹಗಳಲ್ಲಿ ಅದೊಂದು. ಈಗ ಅದು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಮಠದ ಊರಿಗೆ ಡಿಯರ್ ಎಂಬ ಹೆಸರು ಬಂದ ಬಗೆಯನ್ನೂ ಅದರಲ್ಲಿ ಹೇಳಿದ್ದಾರೆ: ಸಂತ ಕೊಲಂಬನನ್ನು ಬೀಳ್ಕೊಡುವಾಗ ಶಿಷ್ಯ ದ್ರೋಸ್ತನ್ ಕಣ್ಣೀರು ಸುರಿಸಿದ, ಕಣ್ಣೀರೇ ಊರ ಹೆಸರಾಯಿತು. ಭಾಷಾಶಾಸ್ತ್ರ ಈ ಕಥೆಯನ್ನು ಒಪ್ಪುವುದಿಲ್ಲ, ಓಕ್ ಮರದ ಹೆಸರಿನ ಕಡೆಗೆ ಬೆರಳು ತೋರಿಸುತ್ತದೆ. ಆದರೂ ಊರ ಹೆಸರಿಗೊಂದು ಕಥೆ ಇರಬೇಕೆಂಬ ಆಸೆ ಒಂಬೈನೂರು ವರ್ಷದ ಹಿಂದೆಯೂ ಇತ್ತು ಎಂಬುದಕ್ಕೆ ಈ ಸಾಲುಗಳು ಸಾಕ್ಷಿ.

ಕೊಪ್ಪರಿಗೆ, ಮೂಗು, ಕಣಜ

ಗೇಲಿಕ್ ಬೆಟ್ಟದ ಹೆಸರುಗಳಲ್ಲಿ ಆಡಂಬರ ಕಡಿಮೆ. ರಾಜರ ಹೆಸರು, ಯುದ್ಧದ ಹೆಸರು ಅಪರೂಪ. ಕಣ್ಣಿಗೆ ಕಂಡ ಆಕಾರ, ಬಣ್ಣ, ಬಳಕೆ ಇಷ್ಟನ್ನೇ ಅವು ಹೇಳುತ್ತವೆ. ಬೆಟ್ಟ ಎನ್ನಲು ಒಂದೇ ಶಬ್ದವಿಲ್ಲ. ‘ಬೇನ್’ ಎಂದರೆ ದೊಡ್ಡ ಬೆಟ್ಟ, ‘ಸ್ಗೂರ್’ ಎಂದರೆ ಚೂಪು ಕೋಡು, ‘ಮ್ಯೌಲ್’ ಎಂದರೆ ದುಂಡನೆಯ ಗುಡ್ಡ, ‘ಡ್ರುಯಿಮ್’ ಎಂದರೆ ಬೆನ್ನಿನಂತೆ ಉದ್ದಕ್ಕೆ ಚಾಚಿದ ದಿಣ್ಣೆ, ‘ಸ್ರೋನ್’ ಎಂದರೆ ಮೂಗಿನಂತೆ ಮುಂದಕ್ಕೆ ಬಂದ ಚಾಚು. ಹಿಮನದಿಗಳು ಕೊರೆದ ಬೆಟ್ಟದ ಮಡಿಲುಗಳಿಗೆ ‘ಕೊರೆ’ ಎಂದರು, ಅಂದರೆ ಕೊಪ್ಪರಿಗೆ. ಹಿಮ ನಿಲ್ಲುವ ಕೊಪ್ಪರಿಗೆ, ಕೊಳವಿರುವ ಕೊಪ್ಪರಿಗೆ ಎಂದು ಒಂದೊಂದಕ್ಕೂ ಗುರುತು ಹಚ್ಚಿದರು. ಮಂಜು ಕವಿದ ದಿನ ದನ ಹುಡುಕಿಕೊಂಡು ಹೋಗುವವನಿಗೆ ಈ ಹೆಸರುಗಳೇ ದಾರಿ.

ಕೇರ್ನ್ ಟೂಲ್ ಎಂದು ಈಗ ಕರೆಯುವ 1,291 ಮೀಟರ್ ಎತ್ತರದ ಶಿಖರದ ಮೂಲ ಹೆಸರು ‘ಕಾರ್ನ್ ಅನ್ ತಾವಿಲ್’, ಕಣಜದ ಗುಡ್ಡ. ದೂರದಿಂದ ನೋಡಿದರೆ ಅದರ ನೆತ್ತಿ ಧಾನ್ಯ ತುಂಬಿಡುವ ಕಟ್ಟಡದ ಮಾಡಿನ ಹಾಗೆ ಕಾಣುತ್ತದೆ. ಪಕ್ಕದ ಬ್ರೇರಿಯಾಕ್ ಎಂದರೆ ಪಟ್ಟೆಪಟ್ಟೆಯ ಮೇಲ್ಸೀಮೆ. ಹಿಮ, ಕಲ್ಲು, ಹುಲ್ಲು ಬೆರೆತ ಬಣ್ಣ ಅದು. ಬೇನ್ ಅ ವೂರ್ಡ್ ಎಂದರೆ ಮೇಜಿನ ಬೆಟ್ಟ. ಬಣ್ಣದ ಶಬ್ದಗಳಂತೂ ಬಹಳ ಸೂಕ್ಷ್ಮ. ‘ಗೊರೊಮ್’ ದೂರದ ಬೆಟ್ಟದ ನೀಲಿಗೂ ಸಲ್ಲುತ್ತದೆ, ಹುಲುಸಾಗಿ ಬೆಳೆದ ಹುಲ್ಲಿನ ಹಸಿರಿಗೂ ಸಲ್ಲುತ್ತದೆ. ಹಾಗಾಗಿ ಗುಡ್ಡದ ಹೆಸರಲ್ಲಿ ‘ಗೊರೊಮ್’ ಇದ್ದರೆ ಅಲ್ಲಿ ಒಳ್ಳೆಯ ಮೇವಿತ್ತೇ ಎಂದೂ ಯೋಚಿಸಬೇಕಾಗುತ್ತದೆ.

ಮೇವಿನ ಮಾತು ಬಂತೆಂದರೆ ಈ ಜನರ ಬದುಕಿನ ನಡುಮನೆಗೇ ಬಂದಂತೆ. ಬೇಸಿಗೆಯಲ್ಲಿ ಕಣಿವೆಯ ಹೊಲಗಳಲ್ಲಿ ಪೈರು ನಿಂತಾಗ ದನಗಳನ್ನು ಮೇಲಿನ ಬೆಟ್ಟಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಹೆಂಗಸರು, ಹುಡುಗಿಯರು ಅಲ್ಲೇ ಕಲ್ಲು, ಮಣ್ಣುಹೆಂಟೆಗಳ ಗುಡಿಸಲು ಕಟ್ಟಿಕೊಂಡು ಹಾಲು ಕರೆದು ಬೆಣ್ಣೆ, ಗಿಣ್ಣು ಮಾಡುತ್ತಿದ್ದರು. ಆ ಬೇಸಿಗೆಹಟ್ಟಿಗಳಿಗೆ ‘ಆರೀ’ ಅಥವಾ ‘ರುಯೀ’ ಎಂದು ಹೆಸರು. ಡೀ ನದಿಯ ಮೇಲ್ಭಾಗದಲ್ಲಿ, ಇಂದಿನ ಮಾರ್ ಲಾಡ್ಜ್ ಎಸ್ಟೇಟಿನೊಳಗೆ ‘ರುಯೀ ಎಲಸಡ್’ ಎಂಬ ಹಳೆಯ ನೆಲೆ ಇದೆ. ಎಲಸಡ್ ಎಂದರೆ ಎಲಿಜಬೆತ್. ಆಕೆ ಯಾರೋ, ಯಾವ ಕಾಲದವಳೋ ತಿಳಿಯದು. ಅವಳ ಹಟ್ಟಿ ಆ ಇಳಿಜಾರಿನಲ್ಲಿತ್ತು ಎಂಬಷ್ಟನ್ನು ಹೆಸರು ಉಳಿಸಿಕೊಂಡಿದೆ.

ಈ ಹೆಸರುಗಳನ್ನು ಉಳಿಸಿಕೊಳ್ಳಲು ಅಕ್ಷರ ಬರಬೇಕಾಗಿರಲಿಲ್ಲ. ಗೇಲಿಕ್‌ನ ಬಹುದೊಡ್ಡ ನಿಸರ್ಗ ಕವಿ ಡಂಕನ್ ಬಾನ್ ಮ್ಯಾಕಿಂಟೈರ್ (1724-1812) ಓದುಬರಹ ಕಲಿತವನಲ್ಲ. ನೈಋತ್ಯದ ಗ್ಲೆನ್ ಆರ್ಕಿ ಸೀಮೆಯಲ್ಲಿ ಜಿಂಕೆಗಳ ಕಾವಲುಗಾರನಾಗಿದ್ದ. ಬೇನ್ ಡೋರನ್ ಬೆಟ್ಟವನ್ನು ಹೊಗಳಿ ಅವನು ಕಟ್ಟಿದ ದೀರ್ಘಕಾವ್ಯ ಬ್ಯಾಗ್‌ಪೈಪ್ ಸಂಗೀತದ ವಿಸ್ತಾರದ ಕ್ರಮವನ್ನೇ ಅನುಸರಿಸುತ್ತದೆ. ಅವನ ಕವಿತೆಗಳನ್ನು ಬೇರೆಯವರು ಬರೆದುಕೊಂಡು, 1768ರಲ್ಲಿ ಅಚ್ಚು ಹಾಕಿಸಿದರು. ಒಂದೇ ಬೆಟ್ಟದ ಮೂಲೆಮೂಲೆಯನ್ನೂ ಬಾಯಿಪಾಠವಾಗಿ ಬಲ್ಲ ಮನಸ್ಸು ಏನು ಮಾಡಬಲ್ಲದು ಎಂಬುದನ್ನು ಆ ಕಾವ್ಯದಲ್ಲಿ ನೋಡಬಹುದು.

ಸೇನೆಯ ನಕ್ಷೆ, ಖಾಲಿಯಾದ ಕಣಿವೆ

1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ, ಹಳೆಯ ರಾಜವಂಶದ ಪರ ದಂಗೆ ಎದ್ದಿದ್ದ ಜಾಕೊಬೈಟ್ ದಂಡು ಸೋತಿತು. ದಂಗೆಕೋರರನ್ನು ಬೆಟ್ಟಗಳಲ್ಲಿ ಬೆನ್ನಟ್ಟಿ ಹೋದ ಸರ್ಕಾರಿ ಸೇನೆಗೆ ಕೈಯಲ್ಲಿ ಸರಿಯಾದ ನಕ್ಷೆಯೇ ಇರಲಿಲ್ಲ. ಒಂದೂವರೆ ಶತಮಾನದ ಹಿಂದೆ ತಿಮೊಥಿ ಪಾಂಟ್ ಎಂಬ ಪಾದ್ರಿ ನಾಡೆಲ್ಲ ಸುತ್ತಿ ಬರೆದ ನಕ್ಷೆಗಳಿದ್ದವು. ಅವುಗಳ ಆಧಾರದ ಮೇಲೆ 1654ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಬ್ಲೌ ಪ್ರಕಾಶನ ಅಟ್ಲಾಸನ್ನೂ ತಂದಿತ್ತು. ದಂಡು ನಡೆಸಲು ಅದು ಸಾಲದು. 1747ರಿಂದ 1755ರವರೆಗೆ ವಿಲಿಯಂ ರಾಯ್ ಮತ್ತವನ ತಂಡ ಸ್ಕಾಟ್ಲೆಂಡಿನ ಸೈನಿಕ ಸರ್ವೆ ನಡೆಸಿತು. ರಸ್ತೆ ಎಲ್ಲಿ ಹಾಕಬೇಕು, ಹೊಳೆ ಎಲ್ಲಿ ದಾಟಬೇಕು, ಫಿರಂಗಿ ಯಾವ ದಾರಿಯಲ್ಲಿ ಸಾಗುತ್ತದೆ ಎಂಬುದೇ ಅವರ ಚಿಂತೆ. ಗೇಲಿಕ್ ಅರಿಯದವರು ಕಿವಿಗೆ ಬಿದ್ದ ಹೆಸರನ್ನು ಇಂಗ್ಲಿಷ್ ಕಾಗುಣಿತದಲ್ಲಿ ಬರೆದುಕೊಂಡರು.

ಮುಂದಿನ ನೂರು ವರ್ಷಗಳಲ್ಲಿ ಹೆಸರಿಟ್ಟ ಜನರೇ ನೆಲ ಬಿಡಬೇಕಾಯಿತು. ಸದರ್‌ಲೆಂಡ್ ಸೀಮೆಯ ಸ್ಟ್ರಾತ್‌ನೇವರ್ ಕಣಿವೆಯಿಂದ 1814 ಮತ್ತು 1819ರಲ್ಲಿ ಗೇಣಿದಾರರನ್ನು ಎಬ್ಬಿಸಿ ಕುರಿ ಸಾಕಣೆಗೆ ಜಾಗ ಮಾಡಿದರು. ಅಲ್ಲಿನ ಪಾರುಪತ್ಯಗಾರ ಪ್ಯಾಟ್ರಿಕ್ ಸೆಲ್ಲರ್ ಮೇಲೆ ಮೊಕದ್ದಮೆ ನಡೆಯಿತು. 1816ರಲ್ಲಿ ಇನ್ವರ್‌ನೆಸ್ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಕೇರ್ನ್‌ಗಾರ್ಮ್ಸ್ ಕಡೆ ಇದು ಇನ್ನೂ ಮೊದಲೇ ಶುರುವಾಗಿತ್ತು. ಡೀ ನದಿಯ ಉಪಕಣಿವೆಯಾದ ಗ್ಲೆನ್ ಲೂಯಿಯ ರೈತರನ್ನು 1726ರಲ್ಲೇ ಒಕ್ಕಲೆಬ್ಬಿಸಲಾಗಿತ್ತು. ಗ್ಲೆನ್ ಲೂಯಿ ಎಂದರೆ ಕರುವಿನ ಕಣಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಬಹುಪಾಲು ಶ್ರೀಮಂತರ ಜಿಂಕೆಬೇಟೆಯ ಕಾಡಾಯಿತು. ಕರುಗಳಿಲ್ಲ, ಕಾಯುವವರಿಲ್ಲ, ಹೆಸರು ಮಾತ್ರ ಹಾಗೇ ಇದೆ.

ಇದೇ ಕಾಲದಲ್ಲಿ ಗೇಲಿಕ್ ನಾಡಿನ ಒಬ್ಬ ಸರ್ವೆಯವನು ನಮ್ಮ ನೆಲ ಅಳೆಯುತ್ತಿದ್ದ. ಲೂಯಿಸ್ ದ್ವೀಪದ ಸ್ಟಾರ್ನೊವೇಯಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ನಡೆಸಿದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅವನೂ ಕಂಪನಿ ಸರ್ಕಾರದ ನೌಕರನೇ, ಅವನ ನಕ್ಷೆಯೂ ಆಳುವವರ ಅನುಕೂಲಕ್ಕಾಗಿಯೇ. ಆದರೆ ಅವನು ಸ್ಥಳೀಯ ವಿದ್ವಾಂಸರನ್ನು ಕೇಳಿ ಬರೆಸಿದ. ಕಾವಲಿ ಸಹೋದರರು ಊರೂರಿನ ಕೈಫಿಯತ್ತು ಸಂಗ್ರಹಿಸಿದರು, ಜೈನ ಪಂಡಿತ ಧರ್ಮಯ್ಯ ಹಳಗನ್ನಡ ಶಾಸನಗಳನ್ನು ಓದಿಕೊಟ್ಟರು. ಮೆಕೆಂಜಿಯ ಸಂಗ್ರಹ ಇಂದಿಗೂ ಇತಿಹಾಸಕಾರರಿಗೆ ಬೇಕಾಗುವುದು ಆ ಕಾರಣಕ್ಕೆ.

ಹೆಸರಿನ ದಫ್ತರ

ಸ್ಕಾಟ್ಲೆಂಡಿನ ಬೆಟ್ಟನಾಡನ್ನು ವಿವರವಾಗಿ ಅಳೆಯುವ ಕೆಲಸ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸರ್ಕಾರದ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಪಾಲಿಗೆ ಬಂತು. ಒಂದು ಮೈಲಿಗೆ ಆರು ಅಂಗುಲದ ನಕ್ಷೆ. ಮೆಕೆಂಜಿ ಹುಟ್ಟಿದ ಲೂಯಿಸ್ ದ್ವೀಪದ ಸರ್ವೆ 1848ರಿಂದ 1852ರವರೆಗೆ ನಡೆದರೆ, ಅಬರ್‌ಡೀನ್‌ಷೈರಿನದು 1860ರ ದಶಕದ ನಡುವಿನಲ್ಲಿ ಶುರುವಾಯಿತು. ಸೇನಾ ಎಂಜಿನಿಯರುಗಳ ಕೈಯಲ್ಲಿ ಸರಪಳಿ, ದುರ್ಬೀನುಗಳ ಜೊತೆಗೆ ಒಂದು ದಫ್ತರವೂ ಇರುತ್ತಿತ್ತು: ಹೆಸರಿನ ಪುಸ್ತಕ. ಒಂದು ಕಾಲಮ್ಮಿನಲ್ಲಿ ನಕ್ಷೆಗೆ ಹೋಗುವ ಹೆಸರು, ಇನ್ನೊಂದರಲ್ಲಿ ಅದರ ಬೇರೆಬೇರೆ ಕಾಗುಣಿತ, ಮುಂದಿನದರಲ್ಲಿ ಅದನ್ನು ಹೇಳಿದವರು ಯಾರು, ಕೊನೆಯಲ್ಲಿ ಜಾಗದ ವಿವರಣೆ.

‘ಹೇಳಿದವರು ಯಾರು’ ಎಂಬ ಆ ಕಾಲಮ್ಮಿನಲ್ಲೇ ಆ ಕಾಲದ ಸಮಾಜ ಇದೆ. ಜಮೀನ್ದಾರ, ಅವನ ಪಾರುಪತ್ಯಗಾರ, ಪಾದ್ರಿ, ಶಾಲಾಮೇಷ್ಟ್ರು ಇವರ ಮಾತಿಗೆ ತೂಕ ಹೆಚ್ಚು. ಬೇಟೆಕಾವಲಿನವರನ್ನೂ ಕುರುಬರನ್ನೂ ಕೇಳಿದ್ದುಂಟು, ಆದರೆ ಸಣ್ಣ ಹಿಡುವಳಿಯ ರೈತನ ಮಾತು ಕೆಳಗಿನ ದರ್ಜೆಯದು. ಬೆಟ್ಟದ ಮೇಲಿನ ಹಟ್ಟಿಯನ್ನು, ಹಳ್ಳದ ಹೆಸರನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಈ ಕೆಳದರ್ಜೆಯ ಸಾಕ್ಷಿಗಳೇ ಆಗಿದ್ದರು. ಹೀಗಿದ್ದೂ ಆ ದಫ್ತರಗಳು ಅಮೂಲ್ಯ. ಆ ಸೈನಿಕರು ಹಳ್ಳಹಳ್ಳ ದಾಟಿ ಬರೆದುಕೊಳ್ಳದಿದ್ದರೆ ಸಾವಿರಾರು ಹೆಸರುಗಳು ಕಾಗದಕ್ಕೆ ಬರುತ್ತಲೇ ಇರಲಿಲ್ಲ.

ತಪ್ಪುಗಳೂ ಗಟ್ಟಿಯಾದವು. ಡೀ ಕಣಿವೆಯ ಕಡೆಯ ಒಂದು ಶಿಖರವನ್ನು ಆ ಭಾಗದವರು ಕೂಡ ‘ಅನ್ ಕಾರ್ನ್ ಗೊರೊಮ್’ ಎಂದೇ ಕರೆಯುತ್ತಿದ್ದರು. ಎರಡು ಕಣಿವೆಗಳ ಜನ ತಮ್ಮ ತಮ್ಮ ಬೆಟ್ಟಕ್ಕೆ ಒಂದೇ ಹೆಸರಿಟ್ಟರೆ ಅವರಿಗೇನೂ ಗೊಂದಲವಿಲ್ಲ. ನಕ್ಷೆಗೆ ಅದು ಹಿಡಿಸಲಿಲ್ಲ. ಹಾಗಾಗಿ ಇದು ಡೆರಿ ಕೇರ್ನ್‌ಗಾರ್ಮ್ ಆಯಿತು.

ಹೊರಗಿನವರ ನೋಟವೂ ಹೆಸರುಗಳನ್ನು ಬದಲಿಸಿತು. ವಿಕ್ಟೋರಿಯಾ ರಾಣಿ 1848ರಲ್ಲಿ ಮೊದಲ ಸಲ ಬಾಲ್ಮೊರಲ್‌ಗೆ ಬಂದಳು, 1852ರಲ್ಲಿ ಆ ಎಸ್ಟೇಟು ರಾಜಮನೆತನದ್ದಾಯಿತು. ಅದರ ಹಿಂದೆ ನಿಂತ 1,155 ಮೀಟರ್ ಎತ್ತರದ ಬೆಟ್ಟ ಇಂದು ಲಾಕ್‌ನಗರ್. ಹೆಸರಲ್ಲಿರುವ ‘ಲಾಕ್’ ಎಂದರೆ ಸರೋವರ! ಬೆಟ್ಟದ ಮಡಿಲಿನ ಪುಟ್ಟ ಕೊಳದ ಹೆಸರು ಬೆಟ್ಟಕ್ಕೇ ಅಂಟಿಕೊಂಡಿದೆ. ಈ ಸೀಮೆಯಲ್ಲಿ ಬಾಲ್ಯ ಕಳೆದ ಕವಿ ಬೈರನ್ 1807ರಲ್ಲಿ ಪ್ರಕಟಿಸಿದ ಕವಿತೆಯಿಂದ ಆ ಹೆಸರು ಜಗತ್ತಿಗೇ ಪರಿಚಯವಾಯಿತು. ಗೇಲಿಕ್ ಜನ ಅದನ್ನು ಕರೆಯುತ್ತಿದ್ದದ್ದು ‘ಬೇನ್ ನನ್ ಕೀಖನ್’ ಎಂದು, ಮೊಲೆಗಳ ಬೆಟ್ಟ. ಪಕ್ಕದ ಎರಡು ಗುಡ್ಡಗಳ ಸ್ಕಾಟ್ಸ್ ಹೆಸರುಗಳಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಮೈಯ ಅಂಗಗಳ ಹೆಸರನ್ನು ನಾಚಿಕೆಯಿಲ್ಲದೆ ಬೆಟ್ಟಕ್ಕೆ ಇಡುವುದು ಗೇಲಿಕ್ ರೀತಿ. ವಿಕ್ಟೋರಿಯಾ ಕಾಲದ ಮರ್ಯಾದೆಗೆ ಅದು ಒಗ್ಗಲಿಲ್ಲ. ಡೀ ನದಿಯ ಉಗಮದ ಬಳಿಯ ‘ಬೊಡ್ ಅನ್ ಜೆವಿನ್’, ಅಂದರೆ ದೆವ್ವದ ಶಿಶ್ನ, ಇಂಗ್ಲಿಷಿನಲ್ಲಿ ಬರೀ ದೆವ್ವದ ತುದಿಯಾಯಿತು. ಅದಕ್ಕೆ ಎದುರಾಗಿ, ಹಸಿರುಕೊಳದ ಕೋಡು ಎಂಬ ಚೆಂದದ ಹೆಸರಿದ್ದ ಶಿಖರಕ್ಕೆ ಕೇರ್ನ್‌ಗಾರ್ಮ್ ಕ್ಲಬ್ಬಿನ ಅಲೆಕ್ಸಾಂಡರ್ ಕೋಪ್‌ಲ್ಯಾಂಡ್ ದೇವದೂತನ ಶಿಖರ ಎಂದು ಹೊಸ ಹೆಸರಿಟ್ಟ. ಗೇಲಿಕ್ ಹೆಸರು ಕೆಳಗಿನ ಕೊಳವನ್ನು ತೋರಿಸುತ್ತಿತ್ತು. ಹೊಸ ಹೆಸರು ನೆಲದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕೇಳಿ ಬರೆದವರು

1872ರ ಶಿಕ್ಷಣ ಕಾಯ್ದೆ ಸ್ಕಾಟ್ಲೆಂಡಿನ ಮಕ್ಕಳೆಲ್ಲರಿಗೂ ಶಾಲೆ ಕಡ್ಡಾಯ ಮಾಡಿತು, ಗೇಲಿಕ್‌ಗೆ ಅದರಲ್ಲಿ ಜಾಗ ಕೊಡಲಿಲ್ಲ. 1891ರ ಜನಗಣತಿಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಗೇಲಿಕ್ ಮಾತುಗಾರರಿದ್ದರು. 2011ರ ಹೊತ್ತಿಗೆ ಆ ಸಂಖ್ಯೆ 57,602ಕ್ಕೆ ಇಳಿದಿತ್ತು.

ಭಾಷೆ ಹೀಗೆ ಕರಗುತ್ತಿದ್ದಾಗಲೇ ಹೆಸರುಗಳನ್ನು ಶಾಸ್ತ್ರೀಯವಾಗಿ ಓದುವ ಕೆಲಸ ಶುರುವಾಯಿತು. ಅದಕ್ಕೆ ಅಡಿಪಾಯ ಹಾಕಿದವರು ವಿಲಿಯಂ ಜೆ. ವಾಟ್ಸನ್ (1865-1948). ರಾಸ್ ಸೀಮೆಯಲ್ಲಿ ಗೇಲಿಕ್ ಮಾತಾಡುತ್ತಲೇ ಬೆಳೆದ ಅವರು ಮುಂದೆ ಎಡಿನ್‌ಬರೊ ವಿಶ್ವವಿದ್ಯಾಲಯದ ಕೆಲ್ಟಿಕ್ ಪ್ರಾಧ್ಯಾಪಕರಾದರು. 1904ರಲ್ಲಿ ತಮ್ಮ ಸೀಮೆಯ ಸ್ಥಳನಾಮಗಳ ಪುಸ್ತಕ, 1926ರಲ್ಲಿ ಇಡೀ ಸ್ಕಾಟ್ಲೆಂಡಿನ ಕೆಲ್ಟಿಕ್ ಸ್ಥಳನಾಮಗಳ ಚರಿತ್ರೆ ಬರೆದರು. ಅವರ ವಿಧಾನ ಎರಡು ಕಾಲಿನದು: ಹಳೆಯ ದಾಖಲೆಯ ರೂಪ ಹುಡುಕುವುದು, ಆ ನೆಲದ ಗೇಲಿಕ್ ಮಾತುಗಾರರು ಈಗ ಹೇಗೆ ಉಚ್ಚರಿಸುತ್ತಾರೆಂದು ಕಿವಿಗೊಟ್ಟು ಕೇಳುವುದು. ನಕ್ಷೆಯ ಕಾಗುಣಿತ ನೋಡಿ ನಿಘಂಟು ತೆರೆದು ಅರ್ಥ ಹೇಳುವ ಚಾಳಿಗೆ ಅದು ಉತ್ತರವಾಗಿತ್ತು.

ಡೀ ಕಣಿವೆಯಲ್ಲಿ ಈ ಕೆಲಸ ಮಾಡಿದವರು ಆಡಮ್ ವಾಟ್ಸನ್ (1930-2019). ಹಿಮ, ಜಿಂಕೆ, ಬೆಟ್ಟದ ಹಕ್ಕಿಗಳನ್ನು ಜೀವನವಿಡೀ ಅಧ್ಯಯನ ಮಾಡಿದ ಪರಿಸರ ವಿಜ್ಞಾನಿ ಅವರು. ಬೆಟ್ಟ ಸುತ್ತುವಾಗ ಅಲ್ಲಿನ ಹಳಬರನ್ನು, ಬೇಟೆಕಾವಲಿನವರನ್ನು, ರೈತರನ್ನು ಹೆಸರು ಕೇಳುತ್ತ ಬಂದರು. ಎಲಿಜಬೆತ್ ಆಲನ್ ಜೊತೆ ಸೇರಿ ಮೇಲ್‌ಡೀ ಸೀಮೆಯ ಸಾವಿರಾರು ಸ್ಥಳನಾಮಗಳನ್ನು ಉಚ್ಚಾರಣೆ ಸಮೇತ ದಾಖಲಿಸಿದರು. ಪುಸ್ತಕ ಅಚ್ಚಾದದ್ದು 1984ರಲ್ಲಿ. ಅದೇ 1984ರಲ್ಲಿ ಬ್ರೇಮಾರ್ ಸೀಮೆಯ ಜೀನ್ ಬೇನ್ ತೀರಿಕೊಂಡರು. ಡೀ ಕಣಿವೆಯ ಗೇಲಿಕ್ ತಾಯಿಮಾತಾಗಿದ್ದ ಕೊನೆಯವರು ಅವರು. ಅಷ್ಟರೊಳಗೆ ಕೇಳಿಕೊಳ್ಳದಿದ್ದರೆ ಆ ಮೇಲೆ ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಈಗ ಆ ಹೆಸರುಗಳಿಗೆ ಹೊಸ ಕೆಲಸ ಬಂದಿದೆ. 2003ರಲ್ಲಿ ಕೇರ್ನ್‌ಗಾರ್ಮ್ಸ್ ರಾಷ್ಟ್ರೀಯ ಉದ್ಯಾನವಾಯಿತು. ಮಾರ್ ಲಾಡ್ಜ್ ಎಸ್ಟೇಟನ್ನು 1995ರಲ್ಲಿ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ ಕೊಂಡು, ಜಿಂಕೆಗಳ ಸಂಖ್ಯೆ ತಗ್ಗಿಸಿ ಪೈನ್ ಕಾಡು ತಾನಾಗಿ ಮತ್ತೆ ಬೆಳೆಯಲು ಬಿಟ್ಟಿದೆ. ಎಲ್ಲಿ ಯಾವ ಮರವಿತ್ತು ಎಂದು ತಿಳಿಯಲು ಹೆಸರುಗಳೂ ನೆರವಾಗುತ್ತವೆ. ಸ್ಪೇ ಕಣಿವೆಯ ಕಿಂಗ್ಯೂಸಿ ಎಂದರೆ ಪೈನ್ ಕಾಡಿನ ತಲೆ, ಗ್ಲೆನ್ ಡೆರಿ ಎಂದರೆ ತೋಪಿನ ಕಣಿವೆ. ಬೋಳು ಇಳಿಜಾರಿನ ಹಳ್ಳಕ್ಕೆ ರೋವನ್ ಮರದ ಹೆಸರು, ತೋಳ ನಿರ್ನಾಮವಾದ ಕಣಿವೆಗೆ ತೋಳದ ಹೆಸರು ಇನ್ನೂ ಇವೆ. ಗೇಲಿಕ್ ಲೇಖಕ ರಾಡಿ ಮಕ್ಲೀನ್ 2021ರಲ್ಲಿ ಸರ್ಕಾರದ ನಿಸರ್ಗ ಸಂಸ್ಥೆಗೆ ಕೊಟ್ಟ ವರದಿ, ಪರಿಸರ ಕಾಪಾಡುವ ಕೆಲಸಕ್ಕೆ ಈ ಭಾಷೆಯ ತಿಳಿವಳಿಕೆ ಎಷ್ಟು ಬೇಕು ಎಂಬುದನ್ನೇ ವಿವರಿಸುತ್ತದೆ. 2005ರ ಗೇಲಿಕ್ ಭಾಷಾ ಕಾಯ್ದೆಯ ನಂತರ ಊರಿನ ಫಲಕಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಗೇಲಿಕ್ ಹೆಸರುಗಳು ಹೆಚ್ಚಾಗಿ ಕಾಣುತ್ತಿವೆ. 2022ರ ಜನಗಣತಿಯಲ್ಲಿ ಮಾತುಗಾರರ ಸಂಖ್ಯೆ 69,701ಕ್ಕೆ ಏರಿದೆ. ಪಶ್ಚಿಮ ದ್ವೀಪಗಳಲ್ಲಿ ಮನೆಮಾತಾಗಿ ಅದು ಇನ್ನೂ ಇಳಿಯುತ್ತಲೇ ಇದೆ ಎಂಬುದೂ ನಿಜ.

ಈ ಇಡೀ ಚರಿತ್ರೆಯಲ್ಲಿ ನಕ್ಷೆಯ ಬೆಲೆ ನಿಂತದ್ದು ಅಳತೆಯ ಮೇಲಷ್ಟೇ ಅಲ್ಲ, ಬರೆದವರು ಯಾರನ್ನು ಕೇಳಿದರು ಎಂಬುದರ ಮೇಲೆ. ಜಮೀನ್ದಾರನನ್ನು ಕೇಳಿದಾಗ ಜಮೀನ್ದಾರನ ಬೆಟ್ಟ ಸಿಕ್ಕಿತು. ದನ ಕಾದವರನ್ನು, ಬೆಣ್ಣೆ ಕಡೆದವರನ್ನು ಕೇಳಿದಾಗ ಬದುಕಿದ ಬೆಟ್ಟ ಸಿಕ್ಕಿತು. ಮೆಕೆಂಜಿಯ ಕಾಲದಲ್ಲಿ ನಮ್ಮ ಸೀಮೆಯಲ್ಲೂ ಸರ್ವೆಯವರು ಊರ ಹಿರಿಯರನ್ನು ಕೇಳಿ ಬರೆಸಿದ್ದರು. ನಿಮ್ಮೂರಿನ ಗುಡ್ಡ, ಹಳ್ಳ, ಹೊಲ, ಬಂಡೆಗಳ ಹೆಸರು ಬಲ್ಲ ಅಜ್ಜ, ಅಜ್ಜಿ ಇನ್ನೂ ಇದ್ದರೆ ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ. ಹೋಗಿ ಕೇಳಿ, ಅವರು ಹೇಳುವ ಹಾಗೆಯೇ ಬರೆದಿಡಿ.